ಬಸ್ಸು ನಮ್ಮ ಕೇರಿಗೆ ಯಾಕೆ ಬರಲ್ಲ?

ರಾತ್ರಿ ಹತ್ತೂವರೆಗೆ ಮನೆ ಸೇರಿ, ಬಿಸಿನೀರಲ್ಲಿ ಕಾಲಿಟ್ಕೊಂಡು ಇದನ್ನ ಬರೀತಿದ್ದೀನಿ.

ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದ ಬಗ್ಗೆ ಭಾನುವಾರದ ಸಭೆ ಅಂತ ಬೆಳಿಗ್ಗೆ ಐದಕ್ಕೇ ಕೊಳ್ಳೇಗಾಲದಿಂದ ಬೆಂಗಳೂರಿಗೆ ಹೊರಟಿದ್ದೆ. ಕೆಂಪು ಬಸ್ಸೇ. ಗುಮಾಸ್ತನ ಸಂಬಳಕ್ಕೆ ರಾಜಹಂಸ ಎಲ್ಲಿಂದ ಬರಬೇಕು? ವಾಪಸ್ ಬರುವಾಗ ಕನಕಪುರದವರೆಗೂ ನಿಂತೇ ಬಂದೆ. ಪಕ್ಕದ ಸೀಟಲ್ಲಿ ಗಾರೆ ಕೆಲಸ ಮುಗಿಸಿ ಬರ್ತಿದ್ದ ಒಬ್ಬ ಅಕ್ಕ. ನನ್ನ ಹಿಂದೆ ನಿಂತಿದ್ದವರೊಬ್ಬರು, "ಈ ಫ್ರೀ ಹೆಂಗಸ್ರಿಂದ ದುಡ್ಡು ಕೊಟ್ಟೋರಿಗೆ ಸೀಟಿಲ್ಲ" ಅಂದ್ರು. ಆಯಕ್ಕ ಮಾತಾಡದೆ ಬಾಂಡ್ಲಿ ಚೀಲ ಇನ್ನಷ್ಟು ಒಳಗೆ ಎಳ್ಕೊಂಡ್ರು. ಯಾರ ದುಡ್ಡು ಸ್ವಾಮಿ ಅಂತ ಕೇಳಬೇಕಿತ್ತು. ಸುಸ್ತಾಗಿತ್ತು, ಸುಮ್ಮನಾದೆ. ಈಗ ಕೇಳ್ತೀನಿ.

ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಆ ವರ್ಷದ ಬಜೆಟ್‌ನಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿಯಿಂದ ಗ್ಯಾರಂಟಿಗಳಿಗೆ ತೋರಿಸಿದ್ದು 11 ಸಾವಿರ ಕೋಟಿಗೂ ಹೆಚ್ಚು. ಫಲಾನುಭವಿಗಳಲ್ಲಿ ಎಸ್ಸಿ, ಎಸ್ಟಿಗಳೂ ಇದ್ದಾರಲ್ಲ ಅನ್ನೋದು ಸರ್ಕಾರದ ಸಮಜಾಯಿಷಿ. ಹಂಗಾದ್ರೆ ಬೇರೆಯವರ ಮನೆ ಹೆಂಗಸರ ಟಿಕೆಟ್‌ಗೆ ಸಾಮಾನ್ಯ ಬೊಕ್ಕಸ, ನಮ್ಮ ಮನೆ ಹೆಂಗಸರ ಟಿಕೆಟ್‌ಗೆ ನಮ್ಮ ಮಕ್ಕಳ ಹಾಸ್ಟೆಲ್ ದುಡ್ಡಾ? 2013ರ ಕಾಯ್ದೆಯ 7(ಡಿ) ಕಿತ್ತು ಹಾಕಿದ್ವಿ ಅಂತ ಬೆನ್ನು ತಟ್ಕೊಂಡೋರು 7(ಸಿ) ಅನ್ನೋ ಬಾಗಿಲನ್ನ ತೆಗೆದೇ ಇಟ್ಟಿದ್ದಾರೆ. ಉಚಿತ ಪ್ರಯಾಣ ಬೇಡ ಅಂತ ನಾನು ಹೇಳ್ತಿಲ್ಲ, ನಮ್ಮವ್ವ ಆಸ್ಪತ್ರೆಗೆ ಹೋಗಿ ಬರೋದೇ ಅದರಲ್ಲಿ. ಕೊಡಿ, ಎಲ್ಲರಿಗೂ ಕೊಟ್ಟ ಹಾಗೆ ಬೊಕ್ಕಸದಿಂದ ಕೊಡಿ.

ಇನ್ನು ಆ ಬಸ್ಸಾದ್ರೂ ನಮ್ಮನ್ನ ಮನೆ ಮುಟ್ಟಿಸುತ್ತಾ? ಕೊಳ್ಳೇಗಾಲದಿಂದ ನಮ್ಮೂರಿಗೆ ಬರೋ ಕೊನೇ ಬಸ್ಸನ್ನ ಅರಳಿಕಟ್ಟೆ ಹತ್ರಾನೇ ತಿರುಗಿಸಿಬಿಡ್ತಾರೆ. ಅಲ್ಲಿಂದ ಕೇರಿಗೆ ಒಂದು ಕಿಲೋಮೀಟರ್. ಡಾಂಬರು ರಸ್ತೆ ಇದೆ, ಬಸ್ಸು ತಿರುಗಿಸೋ ಜಾಗಾನೂ ಇದೆ. ಮೂರು ಸಲ ಅರ್ಜಿ ಕೊಟ್ಟಿದ್ದೀವಿ. ಟೈಪ್ ಮಾಡಿದ್ದು ನಾನೇ, ಸೀಲು ಬಿದ್ದ ನಕಲುಗಳು ಬೀರುವಿನಲ್ಲಿವೆ. 'ಜನಸಂಚಾರ ಕಡಿಮೆ' ಅಂತ ಉತ್ತರ. ಕೇರಿಯಿಂದ ನಡ್ಕೊಂಡು ಹೋಗಿ ಅರಳಿಕಟ್ಟೇಲಿ ಹತ್ತೋರನ್ನೆಲ್ಲ ಊರ ಲೆಕ್ಕಕ್ಕೆ ಬರ್ಕೊಂಡ್ರೆ ಕೇರಿ ಲೆಕ್ಕ ಕಡಿಮೆ ಆಗದೆ ಇನ್ನೇನಾಗುತ್ತೆ?

ಇವತ್ತು ಕೊನೇ ಸ್ಟಾಪಲ್ಲಿ ಇಳಿದ ಹನ್ನೊಂದು ಜನರಲ್ಲಿ ಒಂಬತ್ತು ಜನ ಕೇರಿಯೋರು. ನಾನೇ ಎಣಿಸಿದೆ. ಮೊಬೈಲ್ ಬೆಳಕಲ್ಲಿ ನಡ್ಕೊಂಡು ಬಂದ್ವಿ.

ನಾಲ್ಕನೇ ಅರ್ಜಿ ನಾಳೆ ಕೊಡ್ತೀವಿ. ಸಹಿ ಹಾಕೋರು ಒಂಬತ್ತೂವರೆ ಒಳಗೆ ಡಿಪೋ ಹತ್ರ ಬನ್ನಿ. ಹತ್ತಕ್ಕೆ ನನಗೆ ಆಫೀಸಿದೆ.