ಎರಡು ಪಟ್ಟಿಯಲ್ಲಿ ಕೂರದ ಪದಗಳು

ಪ್ರಾಯೋಗಿಕ ಬೋಧನೆಯ ಮೂರನೇ ವಾರ ಒಂಬತ್ತನೇ ತರಗತಿಯ ಇಂಗ್ಲಿಷ್ ಅವಧಿಯೊಂದು ನನ್ನ ಪಾಲಿಗೆ ಬಂತು. ನಾನು ಜೀವಶಾಸ್ತ್ರದವಳು, ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದರು. ಕಲ್ಪಿತ ಸಮಾಜಗಳನ್ನು ವರ್ಣಿಸುವ ಹದಿನಾರು ಪದಗಳನ್ನು ಕಲಿಸಬೇಕಿತ್ತು. ಹಲಗೆಯ ನಡುವೆ ಗೆರೆ ಎಳೆದು ಎಡಕ್ಕೆ ಯುಟೋಪಿಯ, ಬಲಕ್ಕೆ ಡಿಸ್ಟೋಪಿಯ ಎಂದು ಬರೆದೆ.

ಶುರು ಚೆನ್ನಾಗಿಯೇ ಆಯಿತು. ಡಿಸ್ಟೋಪಿಯದ 'ಡಿಸ್' ಗ್ರೀಕ್‌ನದು, ಕೆಟ್ಟದ್ದು ಎಂಬ ಅರ್ಥದ್ದು; ಅಜೀರ್ಣಕ್ಕೆ ಹೇಳುವ ಡಿಸ್ಪೆಪ್ಸಿಯದಲ್ಲೂ ಇರುವುದು ಅದೇ. "ಡಿಸ್‌ಒಬೇಯಲ್ಲಿ ಇರೋದೂ ಅದೇನಾ ಮಿಸ್?" ಎಂದೊಬ್ಬ. ಅಲ್ಲ, ಅದು ಲ್ಯಾಟಿನ್; ಸ್ಪೆಲಿಂಗ್‌ನಲ್ಲಿ ಒಂದು ಕಡೆ 'ವೈ', ಇನ್ನೊಂದು ಕಡೆ 'ಐ'. ಇಲ್ಲಿಯವರೆಗೆ ಪಾಠ ಯೋಜನೆಯಂತೆಯೇ ನಡೆಯಿತು.

ಆಮೇಲೆ 'ಸರ್ವೇಲೆನ್ಸ್' ಬಂತು. ಪಟ್ಟಿಯ ಪ್ರಕಾರ ಅದು ಬಲಕ್ಕೆ. ಎರಡನೇ ಬೆಂಚಿನ ಹುಡುಗಿ ಒಪ್ಪಲಿಲ್ಲ: ಗೇಟಿನ ಬಳಿ ಕ್ಯಾಮೆರಾ ಹಾಕಿದ ಮೇಲೆ ತಮ್ಮನ್ನು ಯಾರೂ ಅಡ್ಡಗಟ್ಟುವುದಿಲ್ಲವಂತೆ. ಹಿಂದಿನ ಬೆಂಚಿನವರು ತರಗತಿಯೊಳಗಿನ ಕ್ಯಾಮೆರಾ ತೋರಿಸಿ ನಕ್ಕರು. 'ಯೂನಿಫಾರ್ಮಿಟಿ'ಗೂ ಅದೇ ಜಗಳ. ಕೊನೆಗೆ ಏಳು ಪದ ಗೆರೆಯ ಮೇಲೆಯೇ ಉಳಿದವು. "ಉದ್ದೇಶ ಈಡೇರಿಲ್ಲ, ಗದ್ದಲ ಹೆಚ್ಚು" ಎಂದು ವೀಕ್ಷಣಾ ಪುಸ್ತಕದಲ್ಲಿ ಷರಾ ಬಿತ್ತು. ಗದ್ದಲದ ಮಾತು ನಿಜ. ಮರುದಿನದ ಕಿರುಪರೀಕ್ಷೆಯಲ್ಲಿ ಇಬ್ಬರು ಯೂನಿಫಾರ್ಮಿಟಿ ಎಂದರೆ ಶಾಲೆಯ ಬಟ್ಟೆ ಎಂದು ಬರೆದದ್ದೂ ನಿಜ.

ಆದರೂ ತಪ್ಪು ಗೆರೆಯದೆಂದೇ ನನ್ನ ವಾದ. ಥಾಮಸ್ ಮೋರ್ 1516ರಲ್ಲಿ ಲ್ಯಾಟಿನ್‌ನಲ್ಲಿ ಬರೆದ 'ಯುಟೋಪಿಯ'ದ ಹೆಸರಿಗೆ 'ಎಲ್ಲಿಯೂ ಇಲ್ಲದ ಊರು' ಎಂದರ್ಥ. ಉಚ್ಚಾರಣೆಯಲ್ಲಿ 'ಒಳ್ಳೆಯ ಊರು' ಎಂದೂ ಕೇಳಿಸುತ್ತದೆ. ಅಲ್ಲಿ ಖಾಸಗಿ ಆಸ್ತಿ ಇಲ್ಲ, ದಿನಕ್ಕೆ ಆರೇ ಗಂಟೆ ದುಡಿಮೆ. ಆದರೆ ಅಲ್ಲಿ ಗುಲಾಮರಿದ್ದಾರೆ, ಪ್ರಯಾಣಕ್ಕೆ ಅಪ್ಪಣೆ ಬೇಕು. ಎಡಪಟ್ಟಿಯ ತಲೆಬರಹವೇ ಎಡಪಟ್ಟಿಯಲ್ಲಿ ಕೂರುವುದಿಲ್ಲ! 1868ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಬ್ರಿಟಿಷ್ ಸಂಸತ್ತಿನಲ್ಲಿ ಸರ್ಕಾರದ ಐರಿಷ್ ಭೂನೀತಿಯನ್ನು ಟೀಕಿಸುತ್ತ 'ಡಿಸ್ಟೋಪಿಯನ್' ಎಂಬ ಮಾತು ಬಳಸಿದ್ದು ಎದುರಾಳಿಗಳನ್ನು ಚುಚ್ಚುವುದಕ್ಕೆ. ಇವೆಲ್ಲ ಒಂದು ಪಕ್ಷ ಹಿಡಿದು ಆಡುವ ಪದಗಳು. ಆಡುವವರು ಯಾರು ಎಂಬುದನ್ನು ಬಿಟ್ಟು ಬರೀ ಅರ್ಥ ಬರೆಸಿದರೆ ಕಲಿಸಿದ್ದು ಅರ್ಧವೇ. ಆರ್ವೆಲ್‌ರ 1949ರ ಕಾದಂಬರಿಯಲ್ಲಿ ಪ್ರಭುತ್ವ ವರ್ಷವರ್ಷವೂ ನಿಘಂಟನ್ನು ಕುಗ್ಗಿಸುತ್ತದೆ, ಜನ ಬೇರೆ ಯೋಚಿಸದಿರಲೆಂದು. ಒಂದು ಪದಕ್ಕೆ ಒಂದೇ ಉತ್ತರ ಎನ್ನುವ ನಮ್ಮ ಪದಪಟ್ಟಿಯನ್ನು ಅದಕ್ಕೆ ಹೋಲಿಸುವುದು ಅತಿಯಾಯಿತೇನೋ.

ಮತ್ತೆ ಅವಕಾಶ ಸಿಕ್ಕರೆ ಪಟ್ಟಿಯ ಬದಲು ರೊಕೆಯಾ ಸಖಾವತ್ ಹುಸೇನ್ ಅವರು ಇಂಗ್ಲಿಷ್‌ನಲ್ಲೇ ಬರೆದ 'ಸುಲ್ತಾನಾಸ್ ಡ್ರೀಮ್' ಕಥೆಯ ಅರ್ಧ ಪುಟ ಕೊಡುತ್ತೇನೆ. ಅದು 1905ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಬಂದದ್ದು. ಅಲ್ಲಿ ಆಳುವವರು ಹೆಂಗಸರು, ಅಡುಗೆ ಸೂರ್ಯನ ಶಾಖದಿಂದ (ವಿಜ್ಞಾನದವಳಿಗೆ ಇದೊಂದು ಲಾಭ), ಗಂಡಸರು ಮನೆಯೊಳಗೆ. ಅದೇ ಹದಿನಾರು ಪದಗಳಲ್ಲಿ ಮೂರನ್ನಾದರೂ ಬಳಸಿ, ಆ ಊರಿನ ಹೆಂಗಸೊಬ್ಬಳ ಬಾಯಲ್ಲಿ ಎರಡು ವಾಕ್ಯ, ಗಂಡಸೊಬ್ಬನ ಬಾಯಲ್ಲಿ ಎರಡು ವಾಕ್ಯ ಬರೆಯಲು ಹೇಳುತ್ತೇನೆ. ಅಂಕ ಕೊಡುವುದು ಆ ವಾಕ್ಯಗಳಿಗೆ.