ಕಬಡ್ಡಿ ತಂಡ ಸೋಲುವುದು ಬೇಸಿಗೆಯಲ್ಲಿ

ಸಿಂಧನೂರಿನ ಎ.ಪಿ.ಎಂ.ಸಿ.ಯಲ್ಲಿ ದಲಾಲಿ ಅಂಗಡಿಯೊಂದರ ಲೆಕ್ಕ ಬರೆಯುವುದು ನನ್ನ ಕಸುಬು. ಖಾತೆ ಪುಸ್ತಕದ ಹಾಳೆಗಳೆಲ್ಲ ಸಾಹುಕಾರರವು, ಕೊನೆಯದೊಂದು ಮಾತ್ರ ನನ್ನದು. ಅದರಲ್ಲಿ ನಾನು ಓದಿದ ಕಾಲೇಜಿನ ಕಬಡ್ಡಿ ತಂಡದ ಹನ್ನೆರಡು ಹುಡುಗರ ಹೆಸರುಗಳಿವೆ. ಈ ಬೇಸಿಗೆಗೆ ಯಾರು ಎಲ್ಲಿದ್ದಾರೆ ಎಂಬುದನ್ನು ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೇನೆ. ಎಡ ಕಾರ್ನರ್: ಬೆಂಗಳೂರು, ಸೆಂಟ್ರಿಂಗ್ ಕೆಲಸ. ಎರಡನೇ ರೈಡರ್: ಧಾರವಾಡ, ಪೊಲೀಸ್ ಪರೀಕ್ಷೆಯ ಕೋಚಿಂಗ್. ಬಲ ಕವರ್: ಊರಲ್ಲೇ ಇದ್ದಾನೆ, ಮೊಣಕಾಲು ಊದಿದೆ. ಒಬ್ಬನ ಮುಂದೆ ಬರೀ ಪ್ರಶ್ನಾರ್ಥಕ ಚಿಹ್ನೆ. ಯುಗಾದಿಯಿಂದ ಅವನ ಫೋನು ಸ್ವಿಚ್ ಆಫ್.

ಸಾಹುಕಾರರು ಆ ಹಾಳೆ ನೋಡಿ ನಗುತ್ತಾರೆ. "ಪಂದ್ಯ ಇರೋದು ದಸರಾ ಆಜುಬಾಜು. ಏಪ್ರಿಲ್‌ದಾಗ ಏನ್ ನೋಡ್ತೀಯೋ ಮಾರಾಯ?" ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನಮ್ಮ ಭಾಗದ ಕಾಲೇಜು ತಂಡಗಳು ಅಂತರ ಕಾಲೇಜು ಪಂದ್ಯದಲ್ಲಿ ಸೋಲುವುದು ಕಡಿಮೆ. ಅವು ಮಾರ್ಚ್‌ನಿಂದ ಜುಲೈವರೆಗೆ, ಯಾರೂ ನೋಡದಿರುವಾಗ ಸೋತಿರುತ್ತವೆ. ದಸರಾ ಹೊತ್ತಿಗೆ ಆಡುವುದು ಅಳಿದುಳಿದ ತಂಡ.

ಈ ಹುಚ್ಚು ನನ್ನೊಬ್ಬನದಲ್ಲ. ಅಮೆರಿಕದ ಒಹಾಯೊದಲ್ಲಿ ನಮ್ಮ ಸಂಬಂಧಿ ಹುಡುಗನೊಬ್ಬನಿದ್ದಾನೆ. ಅಲ್ಲಿಯ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಫುಟ್ಬಾಲ್ ತಂಡ 2025ರ ಜನವರಿ 20ರಂದು ನೋಟರ್ ಡೇಮ್ ತಂಡವನ್ನು 34–23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಅವರ ಫುಟ್ಬಾಲು ಹೆಲ್ಮೆಟ್ ತೊಟ್ಟು ಕೈಯಲ್ಲಿ ಚೆಂಡು ಹಿಡಿದು ಓಡುವ, ಓಡುವವನನ್ನು ಹಿಡಿದು ಕೆಡಹುವ ಆಟ. ಜನವರಿಯಲ್ಲಿ ಮುಗಿದರೆ ಮತ್ತೆ ಪಂದ್ಯ ಆಗಸ್ಟ್ ಕೊನೆಗೇ. ನಡುವಿನ ತಿಂಗಳುಗಳಲ್ಲಿ ಯಾವ ಹುಡುಗ ಕಾಲೇಜು ಬದಲಿಸಿದ, ಯಾರ ಭುಜದ ಗಾಯ ವಾಸಿಯಾಯಿತು ಎಂದು ಇವನು ನನಗೆ ರಾತ್ರಿ ವಾಟ್ಸಾಪ್ ಕಳಿಸುತ್ತಾನೆ. ಅಲ್ಲಿ 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದೊಂದು ವಿಶ್ವವಿದ್ಯಾಲಯಕ್ಕೆ ಹಾಕಿದ ಮಿತಿಯೇ ಸುಮಾರು 2.05 ಕೋಟಿ ಡಾಲರ್. ನಮ್ಮ ಹುಡುಗರಿಗೆ ಬಸ್ ಚಾರ್ಜು ಹೊತ್ತಿಗೆ ಸರಿಯಾಗಿ ಬಂದರೆ ಅದೇ ದೊಡ್ಡದು. ಆದರೂ ನನ್ನ ಹಾಳೆಗೂ ಅವನ ವಾಟ್ಸಾಪಿಗೂ ವ್ಯತ್ಯಾಸವಿಲ್ಲ. ಯಾರು ಉಳಿದರು, ಯಾರು ಹೋದರು ಎಂಬುದೇ ಎರಡರ ಸುದ್ದಿ.

ಇಲ್ಲಿ ಯಾರು ಉಳಿಯಬೇಕೆಂದು ತೀರ್ಮಾನಿಸುವುದು ಕೋಚ್ ಅಲ್ಲ, ತುಂಗಭದ್ರಾ ಎಡದಂಡೆ ನಾಲೆ. ಎರಡನೇ ಬೆಳೆಗೆ ನೀರು ಬಂದ ವರ್ಷ ಏಪ್ರಿಲ್–ಮೇ ತಿಂಗಳಲ್ಲಿ ಭತ್ತದ ಕೊಯ್ಲು. ಆಗ ಹುಡುಗರು ಊರಲ್ಲೇ ಇರುತ್ತಾರೆ. ಒಬ್ಬ ಹಾರ್ವೆಸ್ಟರ್ ಮೇಲೆ, ಇನ್ನೊಬ್ಬ ಟ್ರ್ಯಾಕ್ಟರ್ ಮೇಲೆ, ಇಬ್ಬರು ಮೂವರು ನಮ್ಮ ಮಾರ್ಕೆಟ್ಟಿನಲ್ಲೇ ಹಮಾಲಿಗೆ. ನಮ್ಮಲ್ಲಿ ಭತ್ತದ ಚೀಲವೆಂದರೆ 75 ಕೆ.ಜಿ.; ಒಳ್ಳೆಯ ರೈಡರ್‌ನ ತೂಕವೂ ಹೆಚ್ಚು ಕಡಿಮೆ ಅಷ್ಟೇ. ಹೋದ ಸಲ ಎಡ ಕಾರ್ನರ್ ಹುಡುಗ ಲಾರಿಗೆ ಲೋಡು ಮಾಡುವ ನಡುವೆ ಸುಸ್ತಾದಾಗ ಕೂರುತ್ತಿರಲಿಲ್ಲ. ಪಕ್ಕದಲ್ಲಿ ನಡೆದುಹೋಗುವ ಹಮಾಲರ ಹಿಮ್ಮಡಿಯನ್ನೇ ನೋಡುತ್ತ ಒಂದು ಹೆಜ್ಜೆ ಮುಂದೆ ಹಾಕಿ ಹಿಂದೆ ಸರಿಯುತ್ತಿದ್ದ. ರೈಡರ್‌ನ ಕಾಲು ಹಿಡಿಯುವ ಆಂಕಲ್ ಹೋಲ್ಡಿಗೆ ಹೊತ್ತು ನೋಡುವ ಅಭ್ಯಾಸವದು. ಒಮ್ಮೆ ನಿಜವಾಗಿಯೇ ಒಬ್ಬ ಹಿರಿಯ ಹಮಾಲನ ಕಾಲು ಹಿಡಿದು, ಚೀಲ ಬಿದ್ದು, ಮಾರ್ಕೆಟ್ಟೆಲ್ಲ ಬೈಗುಳ. ಚೀಲ ಒಡೆದ ಭತ್ತದ ಲೆಕ್ಕವನ್ನು ನಾನು ಹೇಗೆ ಸರಿಮಾಡಿದೆ ಎಂಬುದು ಇಲ್ಲಿ ಬೇಡ.

ನೀರಿಲ್ಲದ ವರ್ಷದ ಕತೆ ಬೇರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಆ ವರ್ಷದ ಬೆಳೆ ಉಳಿಸಿತು. ಹಳೆಯ 33 ಗೇಟುಗಳನ್ನೂ ಬದಲಿಸಲೇಬೇಕಾಯಿತು. ಆ ಕೆಲಸಕ್ಕಾಗಿ 2025–26ರ ಎರಡನೇ ಬೆಳೆಗೆ ನೀರಿಲ್ಲವೆಂದಾಯಿತು. ಗೇಟು ಬದಲಿಸಿದ್ದು ಸರಿಯೇ, ಅದರಲ್ಲಿ ತಕರಾರಿಲ್ಲ. ಗದ್ದೆ ಒಣಗಿದ ಕೂಡಲೇ ಹುಡುಗರು ಬೆಂಗಳೂರಿನ ದಾರಿ ಹಿಡಿದರು. 2024ರಲ್ಲಿ ಸಿಂಧನೂರಿಗೆ ರೈಲು ಬಂದಾಗ ನಾವೆಲ್ಲ ಸ್ಟೇಷನ್ನಿಗೆ ಹೋಗಿ ಫೋಟೊ ತೆಗೆಸಿಕೊಂಡೆವು. ಅದೇ ರೈಲು ಈಗ ನನ್ನ ಡಿಫೆಂಡರ್‌ಗಳನ್ನು ಯಶವಂತಪುರಕ್ಕೆ ಒಯ್ದು ಇಳಿಸುತ್ತದೆ.

ಸೆಂಟ್ರಿಂಗ್ ಕೆಲಸ ಮಾಡಿ ಬಂದವನ ಭುಜ ನೋಡಿದರೆ ಖುಷಿಯಾಗುತ್ತದೆ. ಕಂಬಿ ಹೊತ್ತು ಗಟ್ಟಿಯಾಗಿರುತ್ತಾನೆ. ಆದರೆ ಉಸಿರು ಹೋಗಿರುತ್ತದೆ. ದಾಳಿ 30 ಸೆಕೆಂಡಿನದು. ಒಂದಾದ ಮೇಲೊಂದು ಮೂರು ದಾಳಿ ಮಾಡಿಸಿ ನೋಡಿ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೆ. ಶೆಡ್ಡಿನಲ್ಲಿ ಮೂರು ತಿಂಗಳು ಬರೀ ಅನ್ನ–ಸಾರು ಉಂಡಿರುತ್ತಾನೆ, ಗುಟ್ಕಾ ಕಲಿತಿರುತ್ತಾನೆ. ಕೆಲವರು ಬರುವುದೇ ಇಲ್ಲ. ದಿನಗೂಲಿ ಕೈಗೆ ಹತ್ತಿದ ಮೇಲೆ ಮೂರನೇ ವರ್ಷದ ಬಿ.ಎ. ಯಾರಿಗೆ ಬೇಕು?

ಇನ್ನು ಮಣ್ಣಿನ ಮಾತು. ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಅಂಕಣ ಬಿರಿದು ಹೆಬ್ಬೆರಳು ಸಿಕ್ಕಿಕೊಳ್ಳುವಷ್ಟು ಸೀಳು ಬಿಡುತ್ತದೆ, ಮಳೆ ಬಂದರೆ ಅಂಗಾಲಿಗೆ ಮೆತ್ತಿಕೊಳ್ಳುತ್ತದೆ. ಮಸ್ಕಿ ಗುಡ್ಡದ ಕಡೆಯ ಕೆಂಪು ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ತಂದು ಹಾಸಿದರೆ ಒಂದು ಹಂಗಾಮು ತಡೆಯುತ್ತದೆ. ಇತ್ತ ವಿಶ್ವವಿದ್ಯಾಲಯ ಮಟ್ಟದ ಪಂದ್ಯಗಳು ಮ್ಯಾಟ್ ಮೇಲೆ ನಡೆಯುತ್ತವೆ. ಬರಿಗಾಲಲ್ಲಿ ಮಣ್ಣಿನ ಮೇಲೆ ಕಲಿತವನು ಹೊಸ ಶೂ ಹಾಕಿ ಮ್ಯಾಟ್ ಮೇಲೆ ತಿರುಗಿದರೆ ಮೈ ತಿರುಗುತ್ತದೆ, ಪಾದ ಅಲ್ಲೇ ನಿಲ್ಲುತ್ತದೆ. ಬಲ ಕವರ್ ಹುಡುಗನ ಮೊಣಕಾಲು ಊದಿದ್ದು ಹಾಗೆ. ಅವನಿಗೆ ಬೇಕಿರುವುದು ವಿಶ್ರಾಂತಿ ಮತ್ತು ಫಿಸಿಯೊ. ಸದ್ಯ ಸಿಗುತ್ತಿರುವುದು ಊರಿನ ಹಿರಿಯರೊಬ್ಬರು ತಿಕ್ಕುವ ಎಣ್ಣೆ.

ಟಿ.ವಿ.ಯ ಪ್ರೊ ಕಬಡ್ಡಿ ನೋಡುವವರಿಗೆ ಬೇಸಿಗೆ ಎಂದರೆ ಆಟಗಾರರ ಹರಾಜು. ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಕಪ್ ಎತ್ತಿದಾಗ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದಿದ್ದ. ಆಮೇಲೆ ಅವನೂ ಹೋದ. 2024ರ ಸೀಸನ್ನಿನಲ್ಲಿ ಬುಲ್ಸ್ ಕೊನೆಯ ಸ್ಥಾನಕ್ಕೆ ಬಿದ್ದ ಮೇಲೆ ನಮ್ಮವರೇ ಆದ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು. ಅಲ್ಲಿ ಹೋಗುವುದಕ್ಕೂ ಬರುವುದಕ್ಕೂ ಒಂದು ಬೆಲೆ ಇದೆ, ಕಾಗದ ಇದೆ. ನಮ್ಮ ಹುಡುಗ ಹೋದರೆ ಹೋದ ಎಂದು ಬರೆದುಕೊಳ್ಳುವವನೂ ನಾನೊಬ್ಬನೇ.

ಚೆನ್ನಾಗಿ ಆಡುವ ಹುಡುಗ ಕರಾವಳಿಯತ್ತ ಹೋದರೆ ನನಗೆ ಹೊಟ್ಟೆಕಿಚ್ಚಿಲ್ಲ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ಓದು ಉಚಿತವಾಗಿ ಕೊಡುತ್ತದೆ. ನಮ್ಮ ಕಡೆಯ ಬಡವರ ಮಗನಿಗೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಕಬಡ್ಡಿಯಲ್ಲಿ ಹೆಸರಾದ ಮಮತಾ ಪೂಜಾರಿ, ಸುಕೇಶ್ ಹೆಗ್ಡೆ, ಪ್ರಶಾಂತ್ ರೈ ಇವರೆಲ್ಲ ಕರಾವಳಿ ಜಿಲ್ಲೆಗಳವರೇ ಆಗಿದ್ದಾರೆಂದರೆ ಅಲ್ಲಿಯ ಗಾಳಿಯಲ್ಲೇನೂ ವಿಶೇಷವಿಲ್ಲ. ಮಳೆಗಾಲ ಮುಗಿದ ಮೇಲೆ ಊರೂರಿಗೆ ಟೂರ್ನಮೆಂಟು, ವರ್ಷಪೂರ್ತಿ ಯಾರಾದರೊಬ್ಬರು ಊಟ ಹಾಕುವವರು ಇದ್ದಾರೆ. ನನ್ನ ಹಾಳೆಯಲ್ಲಿ ಆ ಕಡೆ ಹೋದವರ ಹೆಸರಿಗೆ ಗೀಟು ಹಾಕುವಾಗ ಬೇಸರವಾಗುವುದಿಲ್ಲ. ಶೆಡ್ಡಿಗೆ ಹೋದವರದಕ್ಕೆ ಆಗುತ್ತದೆ.

ಹುಡುಗಿಯರದು ಇನ್ನೂ ಕಠಿಣ. ಮಸ್ಕಿಯ ಕಡೆಯ ಒಬ್ಬ ರೈಡರ್ ಹುಡುಗಿಯನ್ನು ಎರಡು ಹಂಗಾಮು ನೋಡಿದ್ದೇನೆ. ಬೋನಸ್ ಗೆರೆ ತುಳಿದು ಹಿಂದೆ ಸರಿಯುವಾಗ ಎಡಗೈ ಬೀಸಿ ಕವರ್‌ನ ಭುಜ ಮುಟ್ಟುವ ಚಾಲಾಕಿ ಅವಳಲ್ಲಿತ್ತು. ಮೂರನೇ ಹಂಗಾಮಿಗೆ ಅವಳಿರಲಿಲ್ಲ. ಮೇ ತಿಂಗಳ ಸಾಮೂಹಿಕ ವಿವಾಹದಲ್ಲಿ ಮದುವೆ ಆಗಿ ಹೋಗಿದ್ದಳು. "ಅಳಿಯ ಒಳ್ಳೆಯವನಿದ್ದಾನ್ರಿ, ಆಡು ಅಂದ್ರ ಆಡಸ್ತಾನ," ಎಂದು ಅವಳ ತಂದೆ ಭತ್ತ ತಂದಾಗ ನನಗೆ ಹೇಳಿದ. ಅಳಿಯ ಆಡಿಸಲಿಲ್ಲ. ನಮ್ಮಲ್ಲಿ ಹುಡುಗಿಯರ ತಂಡ ಪ್ರತಿ ಜುಲೈಗೆ ಹೊಸದಾಗಿ ಹುಟ್ಟುತ್ತದೆ. ಬೇಸಿಗೆಯಲ್ಲೂ ಅಭ್ಯಾಸ, ಮೇನಲ್ಲೊಂದು ಪಂದ್ಯ ಇದ್ದಿದ್ದರೆ ಒಂದಿಬ್ಬರು ತಂದೆಯರಾದರೂ "ಈ ವರ್ಷ ಬ್ಯಾಡ, ಆಟ ಐತಿ" ಎನ್ನುತ್ತಿದ್ದರು. ಇದು ನನ್ನ ಊಹೆಯಲ್ಲ; ಅಕ್ಕಪಕ್ಕದ ಮನೆಗಳಲ್ಲಿ ಪರೀಕ್ಷೆಯ ನೆಪದಲ್ಲಿ ಮದುವೆ ಮುಂದೆ ಹೋದದ್ದನ್ನು ಎಲ್ಲರೂ ಕಂಡಿದ್ದೇವೆ.

ಸರ್ಕಾರದ ಕಡೆಯಿಂದ ಒಂದು ಅನುಕೂಲ, ಒಂದು ಗೊಂದಲ ಎರಡೂ ಆಗಿವೆ. ಮೊದಲು ನಾವು ಗುಲಬರ್ಗಾ ವಿಶ್ವವಿದ್ಯಾಲಯದ ಕೆಳಗಿದ್ದೆವು. ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆಯಾಗಬೇಕಾದರೆ ಬೀದರ್, ಕಲಬುರಗಿಯ ಹುಡುಗರನ್ನೆಲ್ಲ ದಾಟಬೇಕಿತ್ತು. ಈಗ ರಾಯಚೂರು, ಯಾದಗಿರಿ ಎರಡೇ ಜಿಲ್ಲೆಗೆ ಮಹರ್ಷಿ ವಾಲ್ಮೀಕಿ ವಿಶ್ವವಿದ್ಯಾಲಯವಿದೆ. ಸಿಂಧನೂರಿನ ಹುಡುಗ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋಗುವ ದಾರಿ ಹತ್ತಿರವಾಗಿದೆ. ಗೊಂದಲ ಪದವಿಯದು. ನಾಲ್ಕು ವರ್ಷದ ಪದವಿ 2021ರಲ್ಲಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಆಟಗಾರನಿಗೆ ಒಂದು ವರ್ಷ ಎಂದರೆ ಮೂರರಲ್ಲೊಂದು ಹಂಗಾಮು. ಮೂರು ವರ್ಷದ ಪದವಿಯಲ್ಲಿ ಎರಡು ಬೇಸಿಗೆ ಕೈಬಿಟ್ಟರೆ ಆಟಗಾರ ತಯಾರಾಗುವುದು ಯಾವಾಗ?

ನಾನು ಕೇಳುವುದು ಸ್ಟೇಡಿಯಂ ಅಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ 150ಎ ಹೆದ್ದಾರಿಯ ಮೇಲೇ ಇವೆ. ಒಂದೂರಿಂದ ಮುಂದಿನ ಊರಿಗೆ ಬಸ್ಸಿನಲ್ಲಿ ಗಂಟೆಯೊಳಗೆ ಹೋಗಬಹುದು. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಮೂರು ಊರಿನ ಪದವಿ ಕಾಲೇಜುಗಳ ನಡುವೆ ಹುಡುಗರದೊಂದು, ಹುಡುಗಿಯರದೊಂದು ಬೇಸಿಗೆ ಲೀಗ್ ನಡೆಯಲಿ. ಶನಿವಾರ ಸಂಜೆ ಬಿಸಿಲು ಇಳಿದ ಮೇಲೆ ಆಡಿಸಿದರೆ ಸಾಕು. ಮೂರು ಊರಿಗೂ ಸೇರಿ ಒಂದು ಮ್ಯಾಟ್ ಕೊಡಿ, ಲಾರಿಯಲ್ಲಿ ಊರಿಂದೂರಿಗೆ ಹೋಗಲಿ. ತಂಡದಲ್ಲಿರುವವರಿಗೆ ದಿನಕ್ಕೆರಡು ಮೊಟ್ಟೆ, ಹಾಲು, ಹೊಟ್ಟೆ ತುಂಬ ಊಟ, ಕೂಲಿಗೆ ಬದಲಾಗಿ ಸಣ್ಣದೊಂದು ಬೇಸಿಗೆ ವೇತನ. ಇದಿಷ್ಟು ಇದ್ದರೆ ಹನ್ನೆರಡರಲ್ಲಿ ಆರೇಳು ಮಂದಿಯಾದರೂ ರೈಲು ಹತ್ತುವುದಿಲ್ಲ.

ಹಣ ಎಲ್ಲಿಂದ ಎಂದು ಕೇಳುವವರಿಗೆ: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್ಟಿನಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತ ಬಂದಿದೆ. ಲಿಂಗಸುಗೂರು ತಾಲ್ಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇದೆ, ಅದು ಸರ್ಕಾರದ್ದೇ ಕಂಪನಿ. ರೈಸ್ ಮಿಲ್ಲಿನ ಮಾಲೀಕರು ಜಾತ್ರೆಯ ಕುಸ್ತಿಗೆ ಬೆಳ್ಳಿ ಕಡಗ ಕೊಡುವುದನ್ನು ಪ್ರತಿ ವರ್ಷ ನೋಡುತ್ತೇವೆ. ಗೆದ್ದವನಿಗೆ ಕಡಗ ಕೊಡುವುದು ಸುಲಭ, ಫೋಟೊ ಬರುತ್ತದೆ. ಮೇ ತಿಂಗಳಲ್ಲಿ ಮೊಟ್ಟೆ ಕೊಟ್ಟವರ ಫೋಟೊ ಯಾರೂ ತೆಗೆಯುವುದಿಲ್ಲ, ಅದೇ ತೊಡಕು.

ಮೂರೂ ಊರಿನ ಪ್ರಾಂಶುಪಾಲರಿಗೆ, ಶಾಸಕರಿಗೆ, ಮಿಲ್ಲಿನ ಮಾಲೀಕರಿಗೆ ಒಂದೇ ಬಿನ್ನಹ. ರಜೆಯಲ್ಲಿ ಕಾಲೇಜು ಮೈದಾನದ ಗೇಟಿಗೆ ಬೀಗ ಹಾಕಬೇಡಿ, ಸಂಜೆ ಎರಡು ದೀಪ ಉರಿಯಲಿ. ಲೀಗಿನ ಖರ್ಚುವೆಚ್ಚದ ಅಂದಾಜು ಪಟ್ಟಿ ಬೇಕಿದ್ದರೆ ಮಾರ್ಕೆಟ್ಟಿಗೆ ಬನ್ನಿ, ನಾನೇ ಬರೆದುಕೊಡುತ್ತೇನೆ.