ಪುಷ್ಪಗಿರಿಯ ಮೇಲೆ ಒಂದು ಪ್ರಶ್ನೆ



ಕಳೆದ ಡಿಸೆಂಬರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಐದು ಮಂದಿ ಮನೆಗೆ ಬಂದಿದ್ದರು. ಎಲ್ಲರೂ ಐವತ್ತರ ಆಸುಪಾಸಿನವರು. ಇಬ್ಬರಿಗೆ ತಲೆ ನನ್ನದಕ್ಕಿಂತ ಹೆಚ್ಚು ನೆರೆತಿದೆ. ಬಂದವರು ಕಾಫಿ ಮುಗಿಸುವ ಮೊದಲೇ ವಿಷಯಕ್ಕೆ ಬಂದರು. "ಸಾರ್, 1989ರಲ್ಲಿ ನೀವು ನಮ್ಮನ್ನು ಅರಸೀಕೆರೆಯಿಂದ ಹಳೇಬೀಡಿಗೆ ಸೈಕಲ್ಲಿನಲ್ಲಿ ಕರೆದುಕೊಂಡು ಹೋಗಿದ್ದಿರಿ. ಅದೇ ದಾರಿಯಲ್ಲಿ ಮತ್ತೊಮ್ಮೆ ಹೋಗುತ್ತಿದ್ದೇವೆ. ನೀವೂ ಬರಬೇಕು" ಎಂದರು. ಅರವತ್ತಾರರ ಮುದುಕನಿಗೆ ಇದು ತಮಾಷೆಯಾಗಿ ಕಂಡಿತು. ಆದರೆ ಅವರು ತಮಾಷೆ ಮಾಡುತ್ತಿರಲಿಲ್ಲ. ಹೊರಗೆ ಕಾರಿನ ಮೇಲೆ ದಪ್ಪ ಟೈರಿನ, ಗೇರುಗಳಿರುವ ಸೈಕಲ್ಲುಗಳನ್ನು ಕಟ್ಟಿ ತಂದಿದ್ದರು. ಮೌಂಟನ್ ಬೈಕ್ ಎನ್ನುತ್ತಾರಂತೆ. ಅದರ ಬೆಲೆಯನ್ನು ಕೇಳಿ, ನನ್ನ ಮೊದಲ ಎರಡು ವರ್ಷಗಳ ಸಂಬಳ ಒಟ್ಟು ಎಷ್ಟಾಗಿತ್ತೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಅಂದಿನ ಪ್ರವಾಸದ ಕಥೆಯನ್ನು ಹೊಸಬರಿಗಾಗಿ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಆಗ ಶಾಲಾ ಪ್ರವಾಸವೆಂದರೆ ಒಂದು ಬಸ್ಸು, ಒಂದೇ ದಿನದಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಮಕ್ಕಳು ಬಸ್ಸಿನಲ್ಲಿ ಹಾಡಿ, ವಾಂತಿ ಮಾಡಿಕೊಂಡು, ದೇವಸ್ಥಾನದ ಮುಂದೆ ಅರ್ಧ ಗಂಟೆ ಇಳಿದು, ಮತ್ತೆ ಹತ್ತುತ್ತಿದ್ದರು. ಮರುದಿನ ತರಗತಿಯಲ್ಲಿ "ಹೊಯ್ಸಳೇಶ್ವರ ಗುಡಿಯಲ್ಲಿ ಏನು ಕಂಡಿರಿ?" ಎಂದು ಕೇಳಿದರೆ, ಹೊರಗೆ ಮಾರುತ್ತಿದ್ದ ಸೌತೆಕಾಯಿಯ ವಿಷಯವೇ ಮೊದಲು ಬರುತ್ತಿತ್ತು. ಸಮಾಜ ವಿಜ್ಞಾನದ ಮೇಷ್ಟ್ರಾದ ನನಗೆ ಇದು ಸಹಿಸಲಾಗದೆ, ಒಂಬತ್ತನೆಯ ತರಗತಿಯ ಹದಿನೇಳು ಹುಡುಗರನ್ನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಹೊರಟೆ. ಅರ್ಧದಷ್ಟು ಬಾಡಿಗೆ ಸೈಕಲ್ಲುಗಳು. ಬೆಳಗಿನ ಜಾವ 4 ಗಂಟೆಗೆ ಬಿಟ್ಟು, ಬಾಣಾವರ, ಜಾವಗಲ್ ದಾಟಿ ಹಳೇಬೀಡು ಸೇರಿ, ಪುಷ್ಪಗಿರಿಯ ಬೆಟ್ಟ ಹತ್ತಿ ಇಳಿದು, ಅದೇ ದಾರಿಯಲ್ಲಿ ರಾತ್ರಿ 9ರ ವೇಳೆಗೆ ಊರು ಮುಟ್ಟಿದೆವು. ಏಳು ಪಂಕ್ಚರುಗಳಾದವು. ಒಬ್ಬನ ಮೊಣಕಾಲು ತರಚಿತು. ಬುತ್ತಿಯ ರೊಟ್ಟಿ, ಹುಚ್ಚೆಳ್ಳು ಚಟ್ನಿ ಜಾವಗಲ್ಲಿಗೇ ಖಾಲಿಯಾಗಿ, ಹಳೇಬೀಡಿನಲ್ಲಿ ಬಾಳೆಹಣ್ಣು ಕೊಂಡು ಹೊಟ್ಟೆ ತುಂಬಿಸಬೇಕಾಯಿತು. ನನ್ನ ಮೂವತ್ತು ಚಿಲ್ಲರೆ ವರ್ಷಗಳ ವೃತ್ತಿಯಲ್ಲಿ ಅದಕ್ಕಿಂತ ಒಳ್ಳೆಯ ಪಾಠವನ್ನು ನಾನು ಮಾಡಿಲ್ಲ ಎಂದು ಈವರೆಗೂ ಎಲ್ಲರೆದುರು ಹೇಳಿಕೊಂಡು ಬಂದಿದ್ದೇನೆ. ಈ ಬರಹದ ಕೊನೆಯಲ್ಲಿ ಆ ಮಾತನ್ನು ಸ್ವಲ್ಪ ತಿದ್ದಬೇಕಾಗಿದೆ.

ಮೊದಲು ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ನಮ್ಮ ಪ್ರೌಢಶಾಲೆಗಳು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಅವರ ಕಾಲಿನ ಬಲದ ಮೇಲೆಯೇ ಪ್ರವಾಸಕ್ಕೆ ಕರೆದೊಯ್ಯಬೇಕು. ಸೈಕಲ್ ತುಳಿದು ಹೋಗಬೇಕು. ಸೈಕಲ್ ನಿಲ್ಲುವಲ್ಲಿಂದ ನಡೆದು ಹತ್ತಬೇಕು.

ಇದು ಬರಿಯ ವ್ಯಾಯಾಮದ ಮಾತಲ್ಲ. ಅರಸೀಕೆರೆ ಎಂಬ ಹೆಸರಿನಲ್ಲಿಯೇ ಕೆರೆಯಿದೆ. ಅರಸಿಯ ಕೆರೆ ಎಂದೇ ಅದರ ಅರ್ಥವೆಂದು ಹಿರಿಯರು ಹೇಳುತ್ತಾರೆ. ಹೊಯ್ಸಳರ ರಾಜಧಾನಿಗೆ ದೋರಸಮುದ್ರವೆಂಬ ಹೆಸರು ಬಂದದ್ದೂ ಕೆರೆಯಿಂದಲೇ. ಪಠ್ಯಪುಸ್ತಕದಲ್ಲಿ ಇದನ್ನು ಓದಿದ ಹುಡುಗ ಅಂಕ ಪಡೆಯುತ್ತಾನೆ. ಆದರೆ ಬಿಸಿಲಿನಲ್ಲಿ ನಲವತ್ತೈದು ಕಿಲೋಮೀಟರಿಗೂ ಮಿಕ್ಕಿ ಸೈಕಲ್ ತುಳಿದು, ಬಾಯಾರಿ, ಒಣ ಸೀಮೆಯನ್ನು ದಾಟಿ, ಕೊನೆಗೆ ಆ ವಿಶಾಲವಾದ ನೀರನ್ನು ಕಂಡವನಿಗೆ ರಾಜಧಾನಿ ಅಲ್ಲಿಯೇ ಏಕೆ ನೆಲೆಸಿತೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 1989ರಲ್ಲಿ ನಾನು ಕೇಳುವ ಮೊದಲೇ ಹಿಂದಿನ ಬೆಂಚಿನ ಹುಡುಗನೊಬ್ಬ, "ಸಾರ್, ನೀರಿತ್ತಲ್ಲ, ಅದಕ್ಕೇ ಇಲ್ಲಿ ಕಟ್ಟಿದ್ದಾರೆ" ಎಂದ. ಆ ವರ್ಷ ಅವನು ಬಾಯಿ ಬಿಟ್ಟು ಉತ್ತರ ಹೇಳಿದ್ದು ಅದೊಂದೇ ಬಾರಿ.

ಇನ್ನೊಂದು ಉದಾಹರಣೆ. ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಕೆಲಸ ಮಾಡಿದ ಶಿಲ್ಪಿಗಳಲ್ಲಿ ಮಲ್ಲಿತಮ್ಮನೂ ಒಬ್ಬ. 1196ರ ಅಮೃತಾಪುರದಿಂದ ಸೋಮನಾಥಪುರದವರೆಗೆ ಅವನ ಹೆಸರು ಕಲ್ಲುಗಳ ಮೇಲೆ ಸಿಗುತ್ತದೆ. ತರೀಕೆರೆಯ ಹತ್ತಿರದಿಂದ ತಿರುಮಕೂಡಲು ನರಸೀಪುರದ ಹತ್ತಿರಕ್ಕೆ ಅವನು ಹೇಗೆ ಬಂದ? ನಡೆದು, ಇಲ್ಲವೇ ಎತ್ತಿನ ಗಾಡಿಯಲ್ಲಿ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಬೆವರು ಒರೆಸಿಕೊಳ್ಳುತ್ತಾ ಈ ಮಾತನ್ನು ಕೇಳಿದ ಹುಡುಗರು ವಿಗ್ರಹಗಳನ್ನು ನೋಡಿದ ರೀತಿಯೇ ಬೇರೆಯಾಯಿತು. ಕೆತ್ತಿದವನಿಗೂ ಕಾಲು ನೋಯುತ್ತಿತ್ತು ಎಂಬುದು ಹೊಳೆದ ಮೇಲೆ, ಬಳಪದ ಕಲ್ಲನ್ನು ಮುಟ್ಟುವ ಕೈಯಲ್ಲಿ ಗೌರವ ಬರುತ್ತದೆ.

ಇದಕ್ಕೆ ಆಕ್ಷೇಪಣೆಗಳಿವೆ, ಅವು ಹುರುಳಿಲ್ಲದವೂ ಅಲ್ಲ. 1989ರ ರಸ್ತೆ ಇಂದಿನ ರಸ್ತೆಯಲ್ಲ. ಅಂದು ಬಾಣಾವರದ ದಾರಿಯಲ್ಲಿ ಬೆಳಗಿನ ಹೊತ್ತು ಕೊಬ್ಬರಿ ತುಂಬಿದ ಲಾರಿಯೊಂದು ಎದುರಾದರೆ ಹುಡುಗರು ಕೈ ಬೀಸುತ್ತಿದ್ದರು. ಇಂದು ಕೈ ಬೀಸಲು ಹ್ಯಾಂಡಲ್ ಬಿಡುವಂತಿಲ್ಲ. ಒಂದು ಮಗುವಿಗೆ ಏನಾದರೂ ಆದರೆ ಮೇಷ್ಟ್ರ ಗತಿಯೇನು ಎಂದು ಕೇಳುವ ಕಿರಿಯ ಸಹೋದ್ಯೋಗಿಗಳಿಗೆ ನಾನು ಧೈರ್ಯದ ಮಾತು ಹೇಳಿ ಜಾರಿಕೊಳ್ಳಲಾರೆ. ನಾನು ಅಂದು ಪೋಷಕರ ಲಿಖಿತ ಒಪ್ಪಿಗೆಯನ್ನು ಸಹ ಪಡೆದಿರಲಿಲ್ಲ. ಹದಿನೇಳು ಮನೆಗಳ ಮಕ್ಕಳನ್ನು ಕತ್ತಲಲ್ಲಿ, ದೀಪವಿಲ್ಲದ ಸೈಕಲ್ಲುಗಳಲ್ಲಿ ಹಿಂದಕ್ಕೆ ಕರೆತಂದದ್ದನ್ನು ಈಗ ನೆನೆದರೆ ಎದೆ ನಡುಗುತ್ತದೆ. ಅದನ್ನು ಸಾಹಸವೆಂದು ಬಣ್ಣಿಸುವುದನ್ನು ನಾನು ಬಿಟ್ಟಿದ್ದೇನೆ.

ಆದ್ದರಿಂದ ತೊಂಬತ್ತು ಕಿಲೋಮೀಟರ್ ಬೇಡ. ಅರಸೀಕೆರೆಯ ಮಕ್ಕಳಿಗೆ ಮಾಲೇಕಲ್ಲು ತಿರುಪತಿಯ ಬೆಟ್ಟ ಊರಿನ ಪಕ್ಕದಲ್ಲಿಯೇ ಇದೆ. ಊರೊಳಗಿನ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪವನ್ನು ನೋಡಿಕೊಂಡು, ಬೆಟ್ಟದ ಬುಡದವರೆಗೆ ಸೈಕಲ್ಲಿನಲ್ಲಿ ಹೋಗಿ, ಮೆಟ್ಟಿಲು ಹತ್ತಿ, ಮಧ್ಯಾಹ್ನದೊಳಗೆ ಮನೆ ಸೇರಬಹುದು. ಮತ್ತೊಂದು ವಾರ ಹಾರನಹಳ್ಳಿಗೆ ಹೋಗಬಹುದು. ಅಲ್ಲಿ 13ನೆಯ ಶತಮಾನದ ಎರಡು ಹೊಯ್ಸಳ ಗುಡಿಗಳಿವೆ, ನೋಡುವವರೇ ಕಡಿಮೆ. ಬೇಲೂರಿನ ಶಾಲೆಯವರಿಗೆ ಹಳೇಬೀಡು 16 ಕಿಲೋಮೀಟರ್. ಹಳ್ಳಿ ದಾರಿ, ಕೆರೆ ಏರಿ, ತೋಟದ ದಾರಿಗಳನ್ನು ಮೇಷ್ಟ್ರು ಮೊದಲು ತಾವೇ ಒಮ್ಮೆ ಹೋಗಿ ನೋಡಿ ಬರಲಿ. ಮುಂದೊಬ್ಬರು, ಹಿಂದೊಬ್ಬರು ದೊಡ್ಡವರಿರಲಿ. ತಲೆಗೆ ಹೆಲ್ಮೆಟ್ ಇರಲಿ. ಇದು ದುಬಾರಿಯ ಬಾಬತ್ತಲ್ಲ. ನನ್ನ ಶಿಷ್ಯರ ಗೇರ್ ಸೈಕಲ್ಲುಗಳು ಏರಿನಲ್ಲಿ ಸುಖವೇ ಸರಿ; ಆದರೆ ಅಂದು ಬಾಡಿಗೆ ಸೈಕಲ್ಲುಗಳನ್ನು ಏರಿನಲ್ಲಿ ತಳ್ಳಿಕೊಂಡು ನಡೆದವರು ಕಲಿತದ್ದೇನೂ ಕಡಿಮೆಯಾಗಲಿಲ್ಲ.

ಈಗ ಡಿಸೆಂಬರಿನ ದಿನಕ್ಕೆ ಬರುತ್ತೇನೆ. ನಾನು ಹಳೇಬೀಡಿನವರೆಗೂ ಸಾಮಾನಿನ ಕಾರಿನಲ್ಲಿಯೇ ಕುಳಿತಿದ್ದೆ, ಇದರಲ್ಲಿ ಮುಚ್ಚಿಡುವುದೇನಿದೆ? ಬಾಣಾವರದಿಂದಾಚೆಗೆ ಮಂಜು ಕರಗಿತು. ಅಲ್ಲಲ್ಲಿ ರಸ್ತೆಯ ಮೇಲೆಯೇ ರಾಗಿ ಹರಡಿ ಕಣ ಮಾಡಿದ್ದರು; ಸವಾರರು ಇಳಿದು, ಅಂಚಿನಲ್ಲಿ ಸೈಕಲ್ ತಳ್ಳಿಕೊಂಡು ದಾಟಿದರು. ಐವರ ಜೊತೆಗೆ ಆರನೆಯ ಸವಾರಳೊಬ್ಬಳಿದ್ದಳು. ಒಬ್ಬ ಶಿಷ್ಯನ ಮಗಳು, ಒಂಬತ್ತನೆಯ ತರಗತಿ. ಅವಳ ತಂದೆ ಜಾವಗಲ್ಲಿನ ಏರಿನಲ್ಲಿ ಏದುಸಿರು ಬಿಡುತ್ತಿದ್ದರೆ, ಅವಳು ಮುಂದೆ ಹೋಗಿ ನಿಂತು ಕಾಯುತ್ತಿದ್ದಳು.

ಹಳೇಬೀಡಿನಲ್ಲಿ ಹೊಯ್ಸಳೇಶ್ವರನನ್ನು ಕಂಡೆವು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವೆಂಬುದು ನಿಮಗೆಲ್ಲ ತಿಳಿದಿದೆ. ಜನಸಂದಣಿ ಸಾಕಷ್ಟಿತ್ತು. ಆಮೇಲೆ ಒಬ್ಬನ ಸೈಕಲ್ಲನ್ನು ನಾನು ತೆಗೆದುಕೊಂಡೆ. ಎರಡು ಮೂರು ಕಿಲೋಮೀಟರ್ ತುಳಿದು ಪುಷ್ಪಗಿರಿಯ ಬುಡ ಮುಟ್ಟಿ, ಅಲ್ಲಿಂದ ನಡೆದು ಹತ್ತಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಮುಂದೆ ಪುಷ್ಪಗಿರಿ ಒಂದು ಗುಡ್ಡವಷ್ಟೇ. ನನ್ನ ಮೊಣಕಾಲುಗಳಿಗೆ ಮಾತ್ರ ಅದು ಶಿಖರವೇ ಆಗಿತ್ತು. ನಾಲ್ಕು ಕಡೆ ಕುಳಿತು ಎದ್ದು, ಮಲ್ಲಿಕಾರ್ಜುನನ ಗುಡಿಯನ್ನು ಸೇರಿ, ಇನ್ನೂ ಸ್ವಲ್ಪ ಮೇಲಕ್ಕೆ ಬಂಡೆಯೊಂದರ ಮೇಲೆ ಕುಳಿತೆವು. ಗಾಳಿ ಚೆನ್ನಾಗಿತ್ತು. ಐವರೂ ಹಳೆಯ ಕಥೆಗಳನ್ನು ತೆಗೆದರು: ಯಾರ ಟೈರು ಒಡೆಯಿತು, ಯಾರು ಅತ್ತರು, ಮೇಷ್ಟ್ರು ಪಂಪು ಹೊಡೆದು ಹೊಡೆದು ಹೇಗೆ ಸುಸ್ತಾದರು.

ಆಗ ಆ ಹುಡುಗಿ ಕೇಳಿದಳು: "ತಾತ, ಆವಾಗ ನಿಮ್ಮ ಕ್ಲಾಸಿನಿಂದ ಹುಡುಗಿಯರು ಎಷ್ಟು ಜನ ಬಂದಿದ್ದರು?"

ಯಾರೂ ಮಾತನಾಡಲಿಲ್ಲ. ಅವಳ ತಂದೆ ನನ್ನ ಮುಖ ನೋಡಿ, ಆಮೇಲೆ ನೆಲ ನೋಡಿದ. "ಯಾರೂ ಬಂದಿರಲಿಲ್ಲಮ್ಮ" ಎಂದೆ. "ಯಾಕೆ, ಅವರಿಗೆ ಇಷ್ಟ ಇರಲಿಲ್ಲವಾ?" ಎಂದಳು.

ಇಷ್ಟವಿತ್ತು. ಅದು ನನಗೆ ಚೆನ್ನಾಗಿ ನೆನಪಿದೆ. ಪ್ರವಾಸದ ವಿಷಯ ಹೇಳಿದ ದಿನ ಒಬ್ಬ ವಿದ್ಯಾರ್ಥಿನಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಿದ್ದಳು. ದಿನವೂ ನಾಲ್ಕು ಕಿಲೋಮೀಟರ್ ನಡೆದು ಶಾಲೆಗೆ ಬರುತ್ತಿದ್ದ ಹುಡುಗಿ. ಇತಿಹಾಸದಲ್ಲಿ ತರಗತಿಗೇ ಮುಂದು. "ಸಾರ್, ನನಗೂ ಸೈಕಲ್ ಬರುತ್ತೆ. ಅಣ್ಣನ ಸೈಕಲ್ ಕೇಳಿ ತರುತ್ತೇನೆ" ಎಂದಳು. "ಇದು ಹೆಣ್ಣುಮಕ್ಕಳಿಗೆ ಆಗುವ ಕೆಲಸವಲ್ಲಮ್ಮ. ನಿಮಗೆಲ್ಲ ಬಸ್ಸಿನ ಪ್ರವಾಸ ಇದೆಯಲ್ಲ" ಎಂದು ಹೇಳಿ ಕಳುಹಿಸಿದೆ. ಅವಳು ತಲೆಯಾಡಿಸಿ ಹೋದಳು. ಬಸ್ಸಿನ ಪ್ರವಾಸಕ್ಕೆ ದುಡ್ಡು ಕೊಟ್ಟವರ ಪಟ್ಟಿ ಬಂದಾಗ ಅವಳ ಹೆಸರು ಇರಲಿಲ್ಲ. ದಿನವೂ ನಡೆದು ಬರುವ ಮನೆಯವರು ಆ ದುಡ್ಡನ್ನು ಎಲ್ಲಿಂದ ತರಬೇಕಿತ್ತು? ಆ ಪ್ರಶ್ನೆಯನ್ನು ನಾನು ಆಗ ಕೇಳಿಕೊಳ್ಳಲಿಲ್ಲ. ಹೊಯ್ಸಳರನ್ನು ಎಲ್ಲರಿಗಿಂತ ಚೆನ್ನಾಗಿ ಓದಿಕೊಂಡಿದ್ದ ಮಗು, ನನಗೆ ತಿಳಿದಂತೆ, ಶಾಲೆ ಬಿಡುವವರೆಗೂ ಹಳೇಬೀಡನ್ನು ನೋಡಲಿಲ್ಲ.

ಅಂದಿನ ಕಾಲವೇ ಹಾಗಿತ್ತು ಎಂದು ನೀವು ಸಮಾಧಾನ ಹೇಳಬಹುದು. ಬೆಟ್ಟ ಇಳಿಯುವಾಗ ನನ್ನ ಶಿಷ್ಯರೂ ಅದನ್ನೇ ಹೇಳಿದರು. ಆದರೆ 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ ನಡೆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಒಂದೇ ವರ್ಷದಲ್ಲಿ ನಮ್ಮ ಹಳ್ಳಿ ರಸ್ತೆಗಳಲ್ಲಿ ಜಡೆ ಹಾಕಿದ ಹುಡುಗಿಯರು ಸಾಲುಸಾಲಾಗಿ ಸೈಕಲ್ಲಿನಲ್ಲಿ ಬಂದರು. ಯಾವ ಊರಿನ ಆಕಾಶವೂ ಕಳಚಿ ಬೀಳಲಿಲ್ಲ. ಅಂದರೆ ಸಮಾಜ ಒಪ್ಪುವುದಿಲ್ಲವೆಂದು ನಾನು ಅಂದುಕೊಂಡಿದ್ದರಲ್ಲಿ ಎಷ್ಟು ಭಾಗ ಸಮಾಜದ್ದು, ಎಷ್ಟು ಭಾಗ ನನ್ನದೇ? ನಾನು ಅವಳ ತಂದೆಯನ್ನು ಒಂದು ಮಾತು ಕೇಳಿಯೂ ನೋಡಲಿಲ್ಲ. ಅವರು ಬೇಡವೆಂದಿದ್ದರೆ ಅದು ಕಾಲದ ತಪ್ಪಾಗುತ್ತಿತ್ತು. ಕೇಳದೇ ಇದ್ದದ್ದು ನನ್ನ ತಪ್ಪು.

ಆದ್ದರಿಂದ ಮೇಲೆ ಹೇಳಿದ ಮಾತನ್ನು ತಿದ್ದುತ್ತೇನೆ. 1989ರ ಪ್ರವಾಸ ನನ್ನ ವೃತ್ತಿಯ ಅತ್ಯುತ್ತಮ ಪಾಠವೆಂಬುದು ನಿಜ. ತರಗತಿಯ ಅರ್ಧದಷ್ಟು ಮಕ್ಕಳನ್ನು ಹೊರಗಿಟ್ಟು ಮಾಡಿದ ಪಾಠವೆಂಬುದೂ ನಿಜ. ಕಾಲು ಕಲಿಸುವುದನ್ನು ಪುಸ್ತಕ ಕಲಿಸದು ಎಂದು ವಾದಿಸುವವನು ಆ ಕಲಿಕೆಯನ್ನು ಯಾರಿಗೆ ನಿರಾಕರಿಸಿದೆ ಎಂಬ ಲೆಕ್ಕವನ್ನೂ ಒಪ್ಪಿಸಬೇಕು. ಇಂದು ಶಿಕ್ಷಕರಾಗಿರುವ ನನ್ನ ಶಿಷ್ಯರಿಗೆ ನನ್ನದೊಂದು ಕೋರಿಕೆ: ಇಂಥ ಪ್ರವಾಸ ಮಾಡಿ, ಚಿಕ್ಕದಾಗಿಯೇ ಮಾಡಿ. ಆದರೆ ಹೊರಡುವ ಮುನ್ನ, ಬರಲಾಗದವರು ಯಾರು, ಏಕೆ ಬರಲಾಗದು ಎಂಬ ಪಟ್ಟಿಯನ್ನು ಮೊದಲು ಬರೆಯಿರಿ. ಸೈಕಲ್ ಇಲ್ಲದವರು, ದುಡ್ಡಿಲ್ಲದವರು, ಮನೆಯಲ್ಲಿ ಬಿಡದವರು, ಬೆಟ್ಟ ಹತ್ತಲಾರದವರು. ಆ ಪಟ್ಟಿ ಆದಷ್ಟು ಚಿಕ್ಕದಾದ ಮೇಲೆ ಹೊರಡಿ.

ಆ ದಿನ ಸಂಜೆ ಅವರು ಬೇಲೂರಿನವರೆಗೂ ತುಳಿದು, ಎಪ್ಪತ್ತು ಕಿಲೋಮೀಟರಿನ ಸಮೀಪದ ದಾರಿಯನ್ನು ಪೂರೈಸಿದರು. ಚೆನ್ನಕೇಶವನ ಗೋಪುರದ ಮುಂದೆ ತೆಗೆದ ಚಿತ್ರದಲ್ಲಿ ನಾನೂ ಇದ್ದೇನೆ. ಹುಡುಗಿ ಮಧ್ಯದಲ್ಲಿದ್ದಾಳೆ.

1989ರ ಆ ವಿದ್ಯಾರ್ಥಿನಿ ಈಗ ಎಲ್ಲಿದ್ದಾಳೋ ನನಗೆ ತಿಳಿಯದು. ಅವಳ ಹೆಸರನ್ನು ಬರೆಯುವುದು ಸರಿಯಲ್ಲ. ಅವಳ ಸಹಪಾಠಿಗಳಿಗೆ ಯಾರೆಂದು ಗೊತ್ತಾಗಿರುತ್ತದೆ. ನಿಮ್ಮಲ್ಲಿ ಯಾರಿಗಾದರೂ ಅವಳು ಸಿಕ್ಕಿದರೆ, ಮೇಷ್ಟ್ರು ಅಂದು ಹೇಳಿದ್ದು ತಪ್ಪು ಎಂದು ಒಪ್ಪಿಕೊಂಡಿದ್ದಾರೆಂದು ತಿಳಿಸಿ. ಅವಳು ಬರುವುದಾದರೆ, ಹಳೇಬೀಡಿನಿಂದ ಪುಷ್ಪಗಿರಿಯವರೆಗಿನ ದಾರಿಯನ್ನು ನಾನು ಇನ್ನೊಮ್ಮೆ ತುಳಿಯಬಲ್ಲೆ.